ಯಾರ ಕಣ್ಣಿಗೆ ಬಿದ್ದರೆ ದೊಡ್ಡ ಆಟಗಾರ?

2025ರ ಜನವರಿ 5ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಸರಣಿಯನ್ನು 3-1ರಿಂದ ಗೆದ್ದು ಬಾರ್ಡರ್-ಗಾವಸ್ಕರ್ ಟ್ರೋಫಿಯನ್ನು ಹತ್ತು ವರ್ಷಗಳ ಮೇಲೆ ವಾಪಸ್ ಪಡೆಯಿತು. ಟ್ರೋಫಿ ಕೊಟ್ಟವರು ಅಲನ್ ಬಾರ್ಡರ್. ಅದರ ಮೇಲೆ ಹೆಸರಿರುವ ಇನ್ನೊಬ್ಬರು, ಸುನಿಲ್ ಗಾವಸ್ಕರ್, ಕಾಮೆಂಟರಿ ಹೇಳಲು ಬಂದು ಅದೇ ಮೈದಾನದಲ್ಲಿದ್ದರು. ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಭಾರತ ಟ್ರೋಫಿ ಉಳಿಸಿಕೊಂಡಿದ್ದರೆ ಗಾವಸ್ಕರ್, ಇಲ್ಲದಿದ್ದರೆ ಬಾರ್ಡರ್ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಕ್ರಿಕೆಟ್ ಆಸ್ಟ್ರೇಲಿಯಾ, ಇಬ್ಬರನ್ನೂ ಕರೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಒಪ್ಪಿಕೊಂಡಿತು. ಆರು ತಿಂಗಳೊಳಗೆ ಇಂಗ್ಲೆಂಡಿನಲ್ಲಿ ಇನ್ನೊಂದು ತಕರಾರು. 2007ರಿಂದ ಅಲ್ಲಿ ನಡೆಯುವ ಭಾರತ-ಇಂಗ್ಲೆಂಡ್ ಟೆಸ್ಟ್ ಸರಣಿಗೆ ಇದ್ದ, ತಂದೆ-ಮಗ ಇಬ್ಬರೂ ಭಾರತದ ನಾಯಕರಾಗಿದ್ದ ಪಟೌಡಿ ಮನೆತನದ ಹೆಸರನ್ನು ತೆಗೆದು ಆಂಡರ್ಸನ್-ತೆಂಡೂಲ್ಕರ್ ಟ್ರೋಫಿ ಎಂದು ಕರೆದರು. ಗದ್ದಲವಾಯಿತು. ಕೊನೆಗೆ ತೆಂಡೂಲ್ಕರ್ ಅವರೇ ಮಾತಾಡಿದ ಮೇಲೆ, ಗೆದ್ದ ತಂಡದ ನಾಯಕನಿಗೆ ಪಟೌಡಿ ಹೆಸರಿನ ಪದಕ ಕೊಡುವುದೆಂದು ತೀರ್ಮಾನವಾಯಿತು.

ಎರಡೂ ನಮ್ಮಲ್ಲಿ ಸಾಕಷ್ಟು ಬಿಸಿ ಎಬ್ಬಿಸಿದವು. ನನಗೇನೋ ಇವು ಅಷ್ಟು ದೊಡ್ಡ ಸಂಗತಿಗಳು ಅನ್ನಿಸಲಿಲ್ಲ. ಗಾವಸ್ಕರ್ ಅವರನ್ನು ಕರೆಯದಿದ್ದರೆ ಸಂಜೆಯೊಳಗೆ ದೇಶಕ್ಕೆಲ್ಲ ಗೊತ್ತಾಗುತ್ತದೆ, ಕೇಳುವವರು ಕೇಳುತ್ತಾರೆ, ತಪ್ಪು ಮಾಡಿದವರು ಸಮಜಾಯಿಷಿ ಕೊಡುತ್ತಾರೆ. ಕ್ರಿಕೆಟ್ಟಿನಲ್ಲಿ ನಿಜವಾದ ಅನ್ಯಾಯ ನಡೆಯುವುದು ಸದ್ದಿಲ್ಲದ ಕಡೆ. ಒಬ್ಬ ಆಟಗಾರ ದೊಡ್ಡವನು ಅನ್ನಿಸಿಕೊಳ್ಳಬೇಕಾದರೆ ಮೊದಲು ಆತ ಕಣ್ಣಿಗೆ ಬೀಳಬೇಕು. ಎಲ್ಲಿ ಆಡಿದರೆ ಕಣ್ಣಿಗೆ ಬೀಳುತ್ತಾನೆ, ಅಲ್ಲಿ ಆಡಲು ಯಾರಿಗೆ ಅವಕಾಶ ಎಂಬುದನ್ನು ಕೆಲವರು ತೀರ್ಮಾನಿಸುತ್ತಾರೆ. ಮುಂದೆ ಶ್ರೇಷ್ಠರ ಪಟ್ಟಿ ಬರೆಯಲು ಕೂರುವವರೂ ಹೆಚ್ಚುಕಡಿಮೆ ಅವರೇ. ಪರೀಕ್ಷೆ ಕೊಠಡಿಯ ಬಾಗಿಲು ಹಾಕಿ, ಹೊರಗೆ ನಿಂತ ಹುಡುಗನನ್ನು ಗೈರುಹಾಜರಿ ಎಂದು ಫೇಲ್ ಮಾಡಿದ ಹಾಗೆ.

ಎಣಿಕೆಗೆ ಸಿಗುವ ಒಂದು ಉದಾಹರಣೆಯಿಂದ ಶುರುಮಾಡೋಣ. 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಹೆಸರಾಂತ ಕ್ರಿಕೆಟ್ ಪುಸ್ತಕ ವಿಸ್ಡನ್‌ನ ವಾರ್ಷಿಕ ಸಂಚಿಕೆ ಶತಮಾನದ ಐವರು ಕ್ರಿಕೆಟಿಗರನ್ನು ಆರಿಸಿತು. ನೂರು ಮಂದಿ ಮತದಾರರು, ಒಬ್ಬೊಬ್ಬರೂ ಐದು ಹೆಸರು ಬರೆಯಬೇಕು. ಬ್ರಾಡ್‌ಮನ್‌ಗೆ ನೂರಕ್ಕೆ ನೂರು ಮತ, ಸೋಬರ್ಸ್‌ಗೆ 90. ಇವೆರಡಕ್ಕೆ ಯಾರ ತಕರಾರೂ ಇಲ್ಲ. ಆಮೇಲಿನ ಮೂವರು ಜಾಕ್ ಹಾಬ್ಸ್ 30, ಶೇನ್ ವಾರ್ನ್ 27, ವಿವ್ ರಿಚರ್ಡ್ಸ್ 25. ಇಮ್ರಾನ್ ಖಾನ್‌ಗೆ 13, ಗಾವಸ್ಕರ್‌ಗೆ 12 ಮತ ಬಂದವು. ಮತದಾರರ ಪೈಕಿ 28 ಮಂದಿ ಇಂಗ್ಲೆಂಡಿನವರು, 20 ಮಂದಿ ಆಸ್ಟ್ರೇಲಿಯಾದವರು, ಭಾರತದವರು 10.

ಟೆಸ್ಟ್ ಕ್ರಿಕೆಟ್ಟನ್ನು ಹೆಚ್ಚು ಕಾಲ ಆಡಿದ ದೇಶಗಳಿಗೆ ಹೆಚ್ಚು ಮತ ಎಂಬ ಸಮರ್ಥನೆ ಇದಕ್ಕೆ ಸಿಗುತ್ತದೆ, ಅದನ್ನು ತಳ್ಳಿಹಾಕಲಾಗದು. ನನ್ನ ಕುತೂಹಲ ಇರುವುದು ಹಾಬ್ಸ್ ಅವರಿಗೆ ಬಿದ್ದ 30 ಮತಗಳ ಮೇಲೆ. ಹಾಬ್ಸ್ ಕೊನೆಯ ಟೆಸ್ಟ್ ಆಡಿದ್ದು 1930ರಲ್ಲಿ. 2000ದಲ್ಲಿ ಮತ ಹಾಕಿದವರಲ್ಲಿ ಅವರ ಆಟವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು? ಉಳಿದವರಿಗೆ ಹಾಬ್ಸ್ ಗೊತ್ತಿದ್ದದ್ದು ಓದಿನಿಂದ. ಇಂಗ್ಲೆಂಡಿನ ಪತ್ರಿಕೆಗಳು, ಆತ್ಮಕಥೆಗಳು, ಕ್ಲಬ್ಬಿನ ಹರಟೆ, ವರ್ಷವರ್ಷವೂ ತಪ್ಪದೆ ಬರುವ ವಾರ್ಷಿಕ ಸಂಚಿಕೆ, ಇಷ್ಟೂ ಸೇರಿ ಎಪ್ಪತ್ತು ವರ್ಷದ ಹಿಂದಿನ ಒಬ್ಬ ಬ್ಯಾಟರನ್ನು ಜೀವಂತವಾಗಿ ಇಟ್ಟಿದ್ದವು. ಹಾಬ್ಸ್ ಅದಕ್ಕೆ ಅರ್ಹರೇ. ಆದರೆ ಟೆಸ್ಟ್‌ನಲ್ಲಿ ಹತ್ತು ಸಾವಿರ ರನ್ ಮುಟ್ಟಿದ ಮೊದಲಿಗ, ವೆಸ್ಟ್ ಇಂಡೀಸ್ ವಿರುದ್ಧ 13 ಶತಕ ಹೊಡೆದ ಆರಂಭಿಕ ಆಟಗಾರ, 2000ದ ಮತದಾರರೆಲ್ಲ ತಮ್ಮ ಕಾಲದಲ್ಲೇ ಕಂಡ ಮನುಷ್ಯ ಗಾವಸ್ಕರ್, ಕಂಡಿರದ ಮನುಷ್ಯನ ಅರ್ಧದಷ್ಟೂ ಮತ ಪಡೆಯಲಿಲ್ಲ. ಕಣ್ಣು ಕಂಡದ್ದಕ್ಕಿಂತ ಪುಟದಲ್ಲಿ ಓದಿದ್ದು ಹೆಚ್ಚು ತೂಗಿತು. ಪುಟ ಯಾವ ದೇಶದಲ್ಲಿ ಅಚ್ಚಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಅದೇ ವಿಸ್ಡನ್ 1889ರಿಂದ ಪ್ರತಿವರ್ಷ 'ವರ್ಷದ ಕ್ರಿಕೆಟಿಗರು' ಎಂದು ಆರಿಸುತ್ತ ಬಂದಿದೆ. ಒಬ್ಬರಿಗೆ ಒಂದೇ ಸಲ. ಕೆಲವು ಅಪವಾದ ಬಿಟ್ಟರೆ, ಇಂಗ್ಲೆಂಡಿನ ಹಿಂದಿನ ಬೇಸಿಗೆಯಲ್ಲಿ ಮಾಡಿದ ಆಟವೇ ಅಳತೆ. ಒಂದು ದೇಶದ ವಾರ್ಷಿಕ ಪುಸ್ತಕ ತನ್ನ ದೇಶದ ಋತುವನ್ನು ನೋಡಿ ಬಹುಮಾನ ಕೊಡುವುದರಲ್ಲಿ ಯಾವ ಕುತಂತ್ರವೂ ಇಲ್ಲ. ತೊಂದರೆ ಇರುವುದು ನಮ್ಮಲ್ಲಿ, ಅದನ್ನೇ ಜಗತ್ತಿನ ತೀರ್ಪು ಎಂದು ತಲೆಯ ಮೇಲೆ ಹೊತ್ತು ತಿರುಗಿದವರಲ್ಲಿ. ಬಿಷನ್ ಸಿಂಗ್ ಬೇಡಿ ಆ ಪಟ್ಟಿಯಲ್ಲಿಲ್ಲ, ಇಂಜಮಾಮ್ ಉಲ್ ಹಕ್ ಇಲ್ಲ.

ನಮ್ಮ ಕರ್ನಾಟಕದ ಪ್ರಸನ್ನ-ಚಂದ್ರಶೇಖರ್ ಸ್ಪಿನ್ ಜೋಡಿಯನ್ನು ಎದುರಿಟ್ಟು ನೋಡಿದರೆ ಈ ಅಳತೆ ಹೇಗೆ ಕೆಲಸ ಮಾಡುತ್ತದೆಂಬುದು ಸ್ಪಷ್ಟವಾಗುತ್ತದೆ. ಇಬ್ಬರೂ ಒಂದೇ ರಾಜ್ಯದ ತಂಡ, ಒಂದೇ ಕಾಲ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಉರುಳಿತು, ಭಾರತ ಅಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು. ಪೋಲಿಯೋ ತಗುಲಿದ ಕೈಯಲ್ಲಿ ಮಾಡಿದ ಆ ಕೆಲಸಕ್ಕೆ 1972ರ ವಿಸ್ಡನ್ ಮನ್ನಣೆ ಬಂತು. ಅದೇ ಪ್ರವಾಸದಲ್ಲಿ ಪ್ರಸನ್ನ ಒಂದು ಟೆಸ್ಟನ್ನೂ ಆಡಲಿಲ್ಲ. ಆಫ್ ಸ್ಪಿನ್ನಿಗೆ ವೆಂಕಟರಾಘವನ್ ಇದ್ದರು. ಪ್ರಸನ್ನ ತಮ್ಮ ಅತ್ಯುತ್ತಮ ಪ್ರದರ್ಶನ ಕೊಟ್ಟದ್ದು 1967-68ರಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸದಲ್ಲಿ. ಎಂಟು ಟೆಸ್ಟ್‌ಗಳಲ್ಲಿ 49 ವಿಕೆಟ್. ಭಾರತ ವಿದೇಶದಲ್ಲಿ ಗೆದ್ದ ಮೊದಲ ಸರಣಿ ಆ ನ್ಯೂಜಿಲೆಂಡ್ ಸರಣಿ. ಆದರೆ ಡುನೆಡಿನ್, ವೆಲಿಂಗ್ಟನ್, ಆಕ್ಲೆಂಡ್‌ನಲ್ಲಿ ಬಿದ್ದ ವಿಕೆಟ್ಟಿಗೆ ಲಂಡನ್ನಿನಲ್ಲಿ ಬಿದ್ದ ವಿಕೆಟ್ಟಿನ ಬೆಲೆ ಇರಲಿಲ್ಲ. ತಾನು ಎದುರಿಸಿದ ನಿಧಾನಗತಿಯ ಬೌಲರ್‌ಗಳಲ್ಲೇ ಪ್ರಸನ್ನ ಅತ್ಯುತ್ತಮ ಎಂದು ಆಸ್ಟ್ರೇಲಿಯಾದ ಇಯಾನ್ ಚಾಪೆಲ್ ಎಷ್ಟೋ ಸಲ ಹೇಳಿದ್ದಾರೆ. ಎದುರು ನಿಂತು ಆಡಿದವರ ಮಾತು ಒಂದು, ಪಟ್ಟಿ ಬರೆದವರದು ಇನ್ನೊಂದು. ನಾವು 1971ನ್ನು ನೆನೆಯುವಷ್ಟು 1968ನ್ನು ಈಗಲೂ ನೆನೆಯುವುದಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಬೇಕು.

ಇನ್ನು ಶ್ರೀಲಂಕಾದ ಆಫ್ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್. ಈ ವಿಷಯದಲ್ಲಿ ಇವರಷ್ಟು ಜಟಿಲವಾದ ಪ್ರಕರಣ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

133 ಟೆಸ್ಟ್, 800 ವಿಕೆಟ್, ವಿಕೆಟ್ಟಿಗೆ ಕೊಟ್ಟ ರನ್ನಿನ ಸರಾಸರಿ 22.72 (ಇದು ಕಡಿಮೆ ಇದ್ದಷ್ಟೂ ಒಳ್ಳೆಯದು). ಇನಿಂಗ್ಸ್‌ನಲ್ಲಿ ಐದು ವಿಕೆಟ್ 67 ಸಲ, ಪಂದ್ಯದಲ್ಲಿ ಹತ್ತು ವಿಕೆಟ್ 22 ಸಲ. ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ 145 ಟೆಸ್ಟ್‌ಗಳಲ್ಲಿ 708, ಸರಾಸರಿ 25.41, ಐದು ವಿಕೆಟ್ 37 ಸಲ, ಹತ್ತು ವಿಕೆಟ್ 10 ಸಲ. ಇಷ್ಟು ಹೇಳಿದ ಕೂಡಲೇ ಎದುರುವಾದ ಬರುತ್ತದೆ, ಬರಲೂಬೇಕು. ಮುರಳಿ 493 ವಿಕೆಟ್ ತೆಗೆದದ್ದು ತವರಿನ ಪಿಚ್‌ಗಳಲ್ಲಿ. ಬಾಂಗ್ಲಾದೇಶ, ಜಿಂಬಾಬ್ವೆ ವಿರುದ್ಧ ತೆಗೆದವು 176. ವಾರ್ನ್‌ಗೆ ಆ ಎರಡು ತಂಡಗಳಿಂದ ಸಿಕ್ಕಿದ್ದು 17 ಮಾತ್ರ. ಆಸ್ಟ್ರೇಲಿಯಾ ನೆಲದಲ್ಲಿ ಮುರಳಿ 12 ವಿಕೆಟ್ಟಿಗೆ ಸರಾಸರಿ 75ರಷ್ಟು ರನ್ ಕೊಟ್ಟರು. ಎಲ್ಲ ನಿಜ. ಆದರೆ ಆ 176 ವಿಕೆಟ್ ಪೂರ್ತಿ ಕಳೆದರೂ ಉಳಿಯುವ 624ರ ಸರಾಸರಿ 25ರ ಆಸುಪಾಸಿನಲ್ಲೇ ಇದೆ, ಅಂದರೆ ವಾರ್ನ್‌ಗೆ ಸಮ. ಭಾರತದ ವಿರುದ್ಧ ವಾರ್ನ್ ಸರಾಸರಿ 47. ಸ್ಪಿನ್ ಆಡಲು ಬಲ್ಲವರ ಎದುರು ತಿಣುಕಿದ್ದು ವಾರ್ನ್ ಅವರ ದೌರ್ಬಲ್ಯ ಎಂದು ಯಾರೂ ಮೊದಲ ವಾಕ್ಯದಲ್ಲೇ ಹೇಳುವುದಿಲ್ಲ. ಮುರಳಿ ಬಗ್ಗೆ ಬರೆಯುವಾಗ ಆಸ್ಟ್ರೇಲಿಯಾ ಸರಾಸರಿ ಮೊದಲ ವಾಕ್ಯದಲ್ಲೇ ಬಂದು ಕೂರುತ್ತದೆ.

ಆ ಆಸ್ಟ್ರೇಲಿಯಾ ಸರಾಸರಿಯ ಹಿಂದೆ ಏನಿದೆ? ಇಡೀ ವೃತ್ತಿಜೀವನದಲ್ಲಿ ಅವರು ಅಲ್ಲಿ ಆಡಿದ್ದು ಐದು ಟೆಸ್ಟ್. ಅದರಲ್ಲೂ ಒಂದು ವಿಶ್ವ ಇಲೆವೆನ್ ಪರ. ಎರಡನೇ ಟೆಸ್ಟ್‌ನಲ್ಲೇ, 1995ರ ಡಿಸೆಂಬರ್ 26ರಂದು, ಮೆಲ್ಬರ್ನ್‌ನ ಜನಜಾತ್ರೆಯ ಎದುರು ಅಂಪೈರ್ ಡ್ಯಾರೆಲ್ ಹೇರ್, ಮುರಳಿಯ ಬೌಲಿಂಗನ್ನು ಥ್ರೋ, ಅಂದರೆ ಮಡಚಿದ ಮೊಣಕೈಯನ್ನು ನೆಟ್ಟಗೆ ಮಾಡುತ್ತ ಎಸೆಯುವುದು, ಎಂದು ಏಳು ಸಲ ನೋಬಾಲ್ ಕರೆದರು. 2004ರಲ್ಲಿ ಆ ದೇಶದ ಪ್ರಧಾನಿ ಜಾನ್ ಹೋವರ್ಡ್ ಅವರೇ ಮುರಳಿ ಚೆಂಡನ್ನು ಎಸೆಯುತ್ತಾರೆ ಎಂದು ಬಹಿರಂಗವಾಗಿ ಹೇಳಿದರು. ಮುರಳಿ ಆ ವರ್ಷದ ಪ್ರವಾಸಕ್ಕೇ ಹೋಗಲಿಲ್ಲ. ಇಂಗ್ಲೆಂಡಿನ ಕತೆ ಬೇರೆ ರೀತಿಯದು. ಶ್ರೀಲಂಕಾ ಮೊದಲ ಟೆಸ್ಟ್ ಆಡಿದ್ದು 1982ರಲ್ಲಿ. ಇಂಗ್ಲೆಂಡ್ ಅವರನ್ನು 1984, 1988, 1991, 1998ರಲ್ಲಿ ಕರೆಯಿತು, ಪ್ರತಿ ಸಲವೂ ಒಂದೇ ಒಂದು ಟೆಸ್ಟ್. 1998ರ ಆ ಒಂದು ಟೆಸ್ಟ್‌ನಲ್ಲಿ, ಓವಲ್‌ನಲ್ಲಿ, ಮುರಳಿ 16 ವಿಕೆಟ್ ಕಿತ್ತು ಪಂದ್ಯ ಗೆಲ್ಲಿಸಿದರು. ಇಂಗ್ಲೆಂಡಿನ ಕೋಚ್ ಅವರ ಕೈಯ ಬಗ್ಗೆ ಕೊಂಕು ಮಾತಾಡಿ ತಮ್ಮದೇ ಮಂಡಳಿಯಿಂದ ಬೈಸಿಕೊಂಡರು. ಒಂದಕ್ಕಿಂತ ಹೆಚ್ಚು ಟೆಸ್ಟ್‌ಗಳ ಸರಣಿ ಶ್ರೀಲಂಕಾಕ್ಕೆ ಅಲ್ಲಿ ಸಿಕ್ಕಿದ್ದು 2002ರಲ್ಲಿ.

ಕೈಯ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಮುರಳಿಯ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗುವುದಿಲ್ಲ. 1996ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯದಲ್ಲೂ ಹಾಂಗ್‌ಕಾಂಗ್‌ನಲ್ಲೂ ಪರೀಕ್ಷೆ ನಡೆದು, ಕಾಣುವ ಥ್ರೋ ಬಹುಮಟ್ಟಿಗೆ ಕಣ್ಣಿನ ಭ್ರಮೆ ಎಂದಾಯಿತು. 2004ರಲ್ಲಿ ಅವರ ದೂಸ್ರಾ (ಆಫ್ ಸ್ಪಿನ್ನಿನಂತೆ ಕಂಡು ಎದುರು ದಿಕ್ಕಿಗೆ ತಿರುಗುವ ಎಸೆತ) ಆಗಿನ ಮಿತಿ ಮೀರಿತು, ಅದೂ ನಿಜ. ಅದೇ ವರ್ಷ ವಿಶ್ವ ಕ್ರಿಕೆಟ್ ಸಂಸ್ಥೆ ಐಸಿಸಿ ಅಧ್ಯಯನ ಮಾಡಿಸಿದಾಗ ಹೆಚ್ಚುಕಡಿಮೆ ಎಲ್ಲ ಬೌಲರ್‌ಗಳ ಮೊಣಕೈಯೂ, ಮಾದರಿ ಎಂದು ಹೊಗಳಿಸಿಕೊಂಡ ವೇಗಿಗಳದೂ ಸೇರಿ, ಚೆಂಡು ಬಿಡುವಾಗ ಒಂದಿಷ್ಟು ನೆಟ್ಟಗಾಗುತ್ತದೆ ಎಂದು ಗೊತ್ತಾಯಿತು. 2005ರಿಂದ 15 ಡಿಗ್ರಿಯ ಮಿತಿ ಎಲ್ಲರಿಗೂ ಬಂತು. ಮುರಳಿಗಾಗಿ ನಿಯಮ ಬಗ್ಗಿಸಿದರು ಎಂದು ಇಂದಿಗೂ ಹೇಳುವವರಿದ್ದಾರೆ. ಹಳೆಯ ನಿಯಮವನ್ನು ಅಕ್ಷರಶಃ ಹಚ್ಚಿದ್ದರೆ ಆಡಲು ಬೌಲರ್‌ಗಳೇ ಉಳಿಯುತ್ತಿರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಇದನ್ನು ಬಿಳಿಯರು-ಕಂದುಬಣ್ಣದವರು ಎಂದು ಸಲೀಸಾಗಿ ಗೆರೆ ಎಳೆದು ಮುಗಿಸಲೂ ಬಾರದು. ಮುರಳಿಯನ್ನು ಅತ್ಯಂತ ಕಟುವಾಗಿ ಟೀಕಿಸಿದವರಲ್ಲಿ ನಮ್ಮ ಬೇಡಿಯೂ ಒಬ್ಬರು.

ನನಗೆ ಕಾಡುವುದು ಇನ್ನೊಂದು. ವಾರ್ನ್ ಅವರ ಜೀವನದಲ್ಲೂ ಕಲೆಗಳಿದ್ದವು. 1994ರಲ್ಲಿ ಬುಕ್ಕಿಯೊಬ್ಬನಿಂದ ಹಣ ಪಡೆದು ಪಿಚ್, ಹವಾಮಾನದ ಮಾಹಿತಿ ಕೊಟ್ಟದ್ದಕ್ಕೆ ಅವರ ಮಂಡಳಿ ಗುಟ್ಟಾಗಿ ದಂಡ ಹಾಕಿತ್ತು. 2003ರಲ್ಲಿ ನಿಷೇಧಿತ ಮಾತ್ರೆ ತೆಗೆದುಕೊಂಡು ವಿಶ್ವಕಪ್ ಹೊಸ್ತಿಲಲ್ಲಿ ಸಿಕ್ಕಿಬಿದ್ದು ಒಂದು ವರ್ಷ ಹೊರಗುಳಿದರು. ಇವೆಲ್ಲ ವಾರ್ನ್ ಕತೆಗೆ ಬಣ್ಣ ತುಂಬುತ್ತವೆ. ಪೋಲಿ, ಜಾಣ, ದೇವರು ಕೊಟ್ಟ ಮಣಿಕಟ್ಟಿನವನು ಎಂದು ಲೋಕ ಪ್ರೀತಿಯಿಂದ ನಗುತ್ತದೆ. ಅವರು ತೀರಿಕೊಂಡಾಗ ನಮ್ಮಲ್ಲೂ ಅತ್ತವರಿದ್ದರು, ಅಳುವಂಥ ಬೌಲರೇ. ಆದರೆ ತಾನಾಗಿ ಏನೂ ಮಾಡದೆ ಹುಟ್ಟಿನಿಂದ ಬಂದ ಮೊಣಕೈ ಮಾತ್ರ ಮುರಳಿಯ 800ರ ಪಕ್ಕದಲ್ಲಿ ಯಾವಾಗಲೂ ಒಂದು ಅಡಿಟಿಪ್ಪಣಿಯಾಗಿ ನಿಂತಿದೆ. ಕೈಗೆ ಲೋಹದ ಪಟ್ಟಿ ಬಿಗಿದುಕೊಂಡು ಕ್ಯಾಮೆರಾ ಎದುರು ದೂಸ್ರಾ ಹಾಕಿ ತೋರಿಸಿದರೂ ಆ ಟಿಪ್ಪಣಿ ಅಳಿಯಲಿಲ್ಲ. ತನ್ನ ಕಲೆ ಕಲೆಯೇ ಎಂದು ರುಜುವಾತು ಮಾಡಲು ಹೀಗೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲೆದ ಇನ್ನೊಬ್ಬ ದೊಡ್ಡ ಬೌಲರ್ ನನಗೆ ನೆನಪಾಗುತ್ತಿಲ್ಲ.

ರಿವರ್ಸ್ ಸ್ವಿಂಗಿನದೂ, ಅಂದರೆ ಹಳೆಯ ಚೆಂಡು ಗಾಳಿಯಲ್ಲಿ ವಾಡಿಕೆಗೆ ಎದುರು ದಿಕ್ಕಿಗೆ ತಿರುಗುವುದರದೂ, ಇದೇ ಜಾಡು, ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1992ರ ಇಂಗ್ಲೆಂಡ್ ಪ್ರವಾಸದಲ್ಲಿ ವಾಸಿಂ ಅಕ್ರಂ, ವಕಾರ್ ಯೂನಿಸ್ ಇಬ್ಬರೇ ಸೇರಿ 43 ವಿಕೆಟ್ ಕಿತ್ತು ಪಾಕಿಸ್ತಾನಕ್ಕೆ ಸರಣಿ ಗೆಲ್ಲಿಸಿದಾಗ ಅಲ್ಲಿನ ಪತ್ರಿಕೆಗಳು ಹಳೆಯ ಚೆಂಡು ಹಾಗೆ ತಿರುಗುವುದನ್ನು ಮೋಸ ಎಂದವು. 2005ರ ಆಷಸ್‌ನಲ್ಲಿ ಫ್ಲಿಂಟಾಫ್, ಸೈಮನ್ ಜೋನ್ಸ್ ಅದನ್ನೇ ಮಾಡಿದಾಗ ಅದು ವಿಜ್ಞಾನವಾಯಿತು, ಕಲೆಯಾಯಿತು. ಆ ತಂಡದ ಟ್ರೆಸ್ಕೊಥಿಕ್, ಮಿಠಾಯಿ ಚೀಪಿ ಆ ಎಂಜಲಿನಲ್ಲಿ ಚೆಂಡನ್ನು ಹೊಳಪಿಡುತ್ತಿದ್ದದ್ದನ್ನು ಮೂರು ವರ್ಷದ ಮೇಲೆ ತಾವೇ ಬರೆದುಕೊಂಡರು. ಜನ ನಕ್ಕು ಸುಮ್ಮನಾದರು.

ಇಲ್ಲಿಯವರೆಗಿನದನ್ನು ನಮ್ಮಲ್ಲಿ ಯಾರಾದರೂ ಖುಷಿಯಿಂದ ಓದಬಹುದು. ಬೈಸಿಕೊಂಡವರು ಹೊರಗಿನವರು. ಈಗ ನಮ್ಮ ಮನೆಯ ಕಡೆ ತಿರುಗೋಣ.

ಧಾರವಾಡದಲ್ಲಿ ಹುಟ್ಟಿದ ದೊಡ್ಡವರು ಎಂದರೆ ನಮಗೆ ಕವಿಗಳು, ಗಾಯಕರು ನೆನಪಾಗುತ್ತಾರೆ. ಭಾರತದ ಮೊದಲ ದೊಡ್ಡ ಬೌಲರ್ ಹುಟ್ಟಿದ್ದೂ ಅಲ್ಲೇ, 1870ರ ದಶಕದ ನಡುವಿನಲ್ಲಿ. ಹೆಸರು ಪಳವಣಕರ ಬಾಳೂ. ಮೂಲ ಊರು ಕೊಂಕಣದ ಕಡೆ, ತಂದೆ ಸೈನ್ಯದ ಚಾಕರಿಯಲ್ಲಿದ್ದವರು. ಆಗ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಸಮುದಾಯದ ಕುಟುಂಬ. ಹುಡುಗ ಪುಣೆಯಲ್ಲಿ ಬೆಳೆದು, ಪಾರ್ಸಿಗಳ ಮೈದಾನದಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸಕ್ಕೆ ಸೇರಿದ. ಅಲ್ಲಿಂದ ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ, ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ. ಸಾಹೇಬರ ಅಭ್ಯಾಸಕ್ಕೆ ಎಡಗೈ ಸ್ಪಿನ್ ಹಾಕುವುದು ದಿನದ ಕೆಲಸವಾಯಿತು. ಆಗಿನ ದೊಡ್ಡ ಬ್ಯಾಟರ್ ಜೆ.ಜಿ. ಗ್ರೇಗ್ ತಮ್ಮನ್ನು ಔಟ್ ಮಾಡಿದಾಗಲೆಲ್ಲ ಬಾಳೂಗೆ ಎಂಟಾಣೆ ಕೊಡುತ್ತಿದ್ದರು ಎಂದು ಪ್ರತೀತಿ. ಗಂಟೆಗಟ್ಟಲೆ ಬೌಲ್ ಮಾಡಿಸಿಕೊಂಡ ಆ ಸಾಹೇಬರು ಬಾಳೂ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರದು, ಬೌಲಿಂಗ್ ಆಳಿನದು. (ನಮ್ಮಲ್ಲಿ ಇಂದಿಗೂ 619 ವಿಕೆಟ್ಟಿನ ಕುಂಬ್ಳೆಗೆ ಒಬ್ಬ ನಡುಮಧ್ಯಮ ಬ್ಯಾಟರ್‌ಗೆ ಸಿಗುವಷ್ಟು ಜಾಹೀರಾತು ಸಿಗದಿರುವುದರ ಬೇರು ಇಲ್ಲೇ ಎಲ್ಲೋ ಇರಬಹುದೇ ಎಂದು ನನಗೆ ಆಗಾಗ ಅನ್ನಿಸಿದ್ದುಂಟು.)

ಆಗ ತಂಡಗಳು ಧರ್ಮ, ಜನಾಂಗದ ಲೆಕ್ಕದಲ್ಲಿ ಇದ್ದವು. ಪುಣೆಯ ಹಿಂದೂ ತಂಡಕ್ಕೆ ಯೂರೋಪಿಯನ್ನರನ್ನು ಸೋಲಿಸಬೇಕಿತ್ತು, ಅದಕ್ಕೆ ಬಾಳೂ ಬೇಕಾಗಿತ್ತು. ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮಕ್ಕೆ ಉಳಿದವರಿಗೆ ಒಳಗೆ ಪಿಂಗಾಣಿ ಬಟ್ಟಲು, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಜಾಗ. ಮುಂಬೈಗೆ ಹೋದ ಮೇಲೆ 1906ರಲ್ಲಿ ಹಿಂದೂ ತಂಡ ಯೂರೋಪಿಯನ್ನರನ್ನು ಸೋಲಿಸಿದ ಪ್ರಸಿದ್ಧ ಪಂದ್ಯದಲ್ಲಿ ಮುಖ್ಯ ಪಾತ್ರ ಅವರದು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಸೋತ ಪಂದ್ಯಗಳೇ ಹೆಚ್ಚು. ಆ ಸೋಲುಗಳ ನಡುವೆ ಬಾಳೂ ಒಟ್ಟು 114 ವಿಕೆಟ್ ತೆಗೆದರು, ಸರಾಸರಿ 18.84. ಅದರಲ್ಲಿ 75 ಪ್ರಥಮ ದರ್ಜೆ ಪಂದ್ಯಗಳಲ್ಲಿ. ವಯಸ್ಸು ಆಗಲೇ ಮೂವತ್ತೈದರ ಮೇಲೆ.

ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. ವರ್ಷಗಟ್ಟಲೆ ಒತ್ತಾಯ, ಪತ್ರಿಕೆಗಳಲ್ಲಿ ವಾದ ನಡೆದವು. 1920ರಲ್ಲಿ ಇದೇ ವಿಚಾರಕ್ಕೆ ತಮ್ಮಂದಿರಾದ ವಿಠ್ಠಲ, ಶಿವರಾಮ ತಂಡದಿಂದ ಹೊರನಡೆದರು. ಕೊನೆಗೆ 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕನಾಗಿ ಟೂರ್ನಿ ಗೆದ್ದುಕೊಟ್ಟರು. ಬಾಳೂ ಅಷ್ಟು ಹೊತ್ತಿಗೆ ಆಟ ಮುಗಿಸಿದ್ದರು. ಇಪ್ಪತ್ತರ ದಶಕಕ್ಕೂ ಮುಂಚೆ ದಮನಿತ ಸಮುದಾಯಗಳ ಹುಡುಗರಿಗೆ ಬಾಳೂ ಒಬ್ಬ ವೀರ. ಅವರನ್ನು ಮೆಚ್ಚಿ ಸನ್ಮಾನಿಸಿದವರಲ್ಲಿ ಯುವಕ ಅಂಬೇಡ್ಕರ್ ಒಬ್ಬರು. ಇತಿಹಾಸದ ವ್ಯಂಗ್ಯ ನೋಡಿ, 1937ರ ಮುಂಬೈ ಚುನಾವಣೆಯಲ್ಲಿ ಅಂಬೇಡ್ಕರ್ ಎದುರು ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತವರೂ ಇದೇ ಬಾಳೂ.

ಈಗ ಇದರ ಪಕ್ಕದಲ್ಲಿ ರಣಜಿತ್‌ಸಿಂಹಜಿ ಅವರನ್ನು ಇಡಿ. ನವಾನಗರದ ರಾಜ, ಇಂಗ್ಲೆಂಡಿನ ಪರ 15 ಟೆಸ್ಟ್ ಆಡಿದವರು. ಲೆಗ್ ಗ್ಲಾನ್ಸ್ ಹೊಡೆತಕ್ಕೆ ಹೆಸರು ತಂದವರು, ನಿಸ್ಸಂಶಯವಾಗಿ ಅದ್ಭುತ ಬ್ಯಾಟರ್. ಇಂಗ್ಲಿಷರು ಅವರನ್ನು ಮೆಚ್ಚಿದ್ದೂ ತಮ್ಮದೇ ಷರತ್ತಿನ ಮೇಲೆ: ಆತ ಜನ್ಮದಲ್ಲಿ ಒಂದೂ 'ಕ್ರೈಸ್ತ ಹೊಡೆತ' ಹೊಡೆದವನಲ್ಲ ಎಂದು ಯಾರ್ಕ್‌ಷೈರ್‌ನ ಆಟಗಾರನೊಬ್ಬ ಅಂದದ್ದು ಇಂದಿಗೂ ಉಲ್ಲೇಖವಾಗುತ್ತದೆ. ಅಭ್ಯಾಸ, ಬುದ್ಧಿ, ಲೆಕ್ಕಾಚಾರ ಇಂಗ್ಲಿಷರದು, ಪೂರ್ವದವನದು ಮಾಯಾಜಾಲ. ಭಾರತದ ಕ್ರಿಕೆಟ್ಟಿಗೆ ರಣಜಿ ಆಟಗಾರರಾಗಿ ಏನನ್ನೂ ಕೊಡಲಿಲ್ಲ. ಅವರ ಕಾಲಕ್ಕೆ ಭಾರತಕ್ಕೆ ಟೆಸ್ಟ್ ತಂಡವೇ ಇರಲಿಲ್ಲ ಎಂಬ ಮಾತು ಸರಿ. ಆದರೆ 1911ರ ಪ್ರವಾಸಿ ತಂಡಕ್ಕೂ ಅವರು ಬರಲಿಲ್ಲ. ಅವರು 1933ರಲ್ಲಿ ತೀರಿಕೊಂಡ ಮರುವರ್ಷವೇ ದೇಶದ ಮುಖ್ಯ ಟೂರ್ನಿಗೆ ಅವರ ಹೆಸರಿಟ್ಟರು. ಇಂಗ್ಲೆಂಡಿಗೆ 12 ಟೆಸ್ಟ್ ಆಡಿದ ಸೋದರನ ಮಗ ದುಲೀಪ್ ಹೆಸರಲ್ಲಿ ಇನ್ನೊಂದು ಟೂರ್ನಿ ಬಂತು. ನಾಯುಡು, ದೇವಧರ್, ಹಜಾರೆ, ಮುಷ್ತಾಕ್ ಅಲಿ ಹೆಸರಲ್ಲೂ ಟ್ರೋಫಿಗಳು ಬಂದವು. ಇಂಗ್ಲೆಂಡಿನ ನೆಲದಲ್ಲಿ ಭಾರತೀಯ ಬೌಲಿಂಗ್ ಎಂಬುದೊಂದಿದೆ ಎಂದು ಮೊದಲು ತೋರಿಸಿಕೊಟ್ಟವನ ಹೆಸರಲ್ಲಿ ರಾಷ್ಟ್ರಮಟ್ಟದ ಒಂದು ಟೂರ್ನಿಯೂ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಇತಿಹಾಸಕಾರರೊಬ್ಬರು ಹಳೆಯ ಪತ್ರಿಕೆಗಳನ್ನು ಕೆದಕಿ ಬರೆಯದಿದ್ದರೆ ನನ್ನಂಥವರಿಗೆ ಬಾಳೂ ಹೆಸರೂ ಗೊತ್ತಾಗುತ್ತಿರಲಿಲ್ಲ.

ವಿಸ್ಡನ್ ಬಾಳೂವನ್ನು ಮರೆತಿತು ಎಂದು ದೂರುವ ಹಕ್ಕು ನಮಗಿದೆಯೇ? ಬಾಳೂಗೆ ಬೇರೆ ಕುಡಿಕೆಯಲ್ಲಿ ಚಹಾ ಕೊಟ್ಟವರು ಲಂಡನ್ನಿನಲ್ಲಿ ಇರಲಿಲ್ಲ.

ಹೆಂಗಸರ ಆಟದ ವಿಷಯಕ್ಕೆ ಬಂದರೆ ಮರೆವಿಗೆ ಜಾತಿ, ದೇಶ ಯಾವುದರ ನೆಪವೂ ಬೇಕಿಲ್ಲ. ಏಕದಿನ ಪಂದ್ಯದಲ್ಲಿ ಮೊದಲ ದ್ವಿಶತಕ ಯಾರದು ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಜನ ಗ್ವಾಲಿಯರ್, 2010, ತೆಂಡೂಲ್ಕರ್ ಎನ್ನುತ್ತಾರೆ. ಅದಕ್ಕೆ ಹನ್ನೆರಡು ವರ್ಷ ಮೊದಲೇ, 1997ರ ಡಿಸೆಂಬರ್‌ನಲ್ಲಿ, ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ವಿಶ್ವಕಪ್ ಪಂದ್ಯದಲ್ಲಿ ಔಟಾಗದೆ 229 ಹೊಡೆದಿದ್ದರು. ಎದುರಾಳಿ ಡೆನ್ಮಾರ್ಕ್, ದುರ್ಬಲ ತಂಡವೇ. ಆಡಿದ ಜಾಗ ಮುಂಬೈನ ಬಾಂದ್ರಾ ಪೂರ್ವ, ತೆಂಡೂಲ್ಕರ್ ಬೆಳೆದ ಬಡಾವಣೆಯ ಮಗ್ಗುಲಲ್ಲೇ! ಕ್ರಿಕೆಟ್ಟಿಗೆ ಹುಚ್ಚು ಹಿಡಿದ ದೇಶದಲ್ಲಿ, ಅದರ ರಾಜಧಾನಿ ಎನ್ನಿಸಿಕೊಂಡ ಊರಲ್ಲಿ ನಡೆದ ದಾಖಲೆ ನಮ್ಮ ನೆನಪಿಗೆ ಬರಲೇ ಇಲ್ಲ.

ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ. ಆ ಮೊದಲ ಟೆಸ್ಟ್ ನಡೆದದ್ದೂ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ಮರುವರ್ಷ ಡುನೆಡಿನ್‌ನಲ್ಲಿ ಅವರು ಹೊಡೆದ 108 ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಅವರ ತಲೆಮಾರಿನವರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಗಳಲ್ಲಿ ಕಿಟ್ ಹೊತ್ತು ಓಡಾಡಿದವರು. ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದೇ 2006ರಲ್ಲಿ. 2025ರ ನವೆಂಬರ್‌ನಲ್ಲಿ ವಿಶ್ವಕಪ್ ಗೆದ್ದ ಹರ್ಮನ್‌ಪ್ರೀತ್ ತಂಡ ಮೈದಾನದಲ್ಲೇ ಮಿಥಾಲಿ, ಜೂಲನ್, ಅಂಜುಮ್ ಕೈಗೆ ಟ್ರೋಫಿ ಕೊಟ್ಟಿತು. ಹಿಂದಿನವರ ಋಣ ಒಪ್ಪಿಕೊಳ್ಳಲು ಮಂಡಳಿಯ ಅಪ್ಪಣೆಗೆ ಕಾಯದ ಆಟಗಾರ್ತಿಯರು. ಮಿಥಾಲಿ ತಲೆಮಾರಿಗಿಂತ ಹಿಂದಿನ ಆಟಗಳ ಚಿತ್ರಣವೇ ಹೆಚ್ಚು ಉಳಿದಿಲ್ಲ. ನೋಡಲು ಏನೂ ಇಲ್ಲದವರ ಹಿರಿಮೆಯನ್ನು ಇಂದಿನ ಮೊಬೈಲು ತಲೆಮಾರಿಗೆ ಹೇಗೆ ಒಪ್ಪಿಸುವುದು?

ಈಗ ಜಗತ್ತಿನ ಕ್ರಿಕೆಟ್ಟಿನ ಹಣ ನಮ್ಮ ಕೈಯಲ್ಲಿದೆ. ಯಾವ ದೇಶ ಎಲ್ಲಿ, ಎಷ್ಟು ಪಂದ್ಯ ಆಡಬೇಕು ಎಂಬುದರಲ್ಲಿ ನಮ್ಮ ಮಾತು ನಡೆಯುತ್ತದೆ. ಶ್ರೀಲಂಕಾಕ್ಕೆ ಇಂಗ್ಲೆಂಡ್ ಒಂದೊಂದೇ ಟೆಸ್ಟ್ ಎಸೆದದ್ದನ್ನು ಹಳಿಯುವ ನಾವು ಬಾಂಗ್ಲಾದೇಶಕ್ಕೆ ಏನು ಮಾಡಿದೆವು ಎಂದು ನೋಡಿದರೆ ಮುಜುಗರವಾಗುತ್ತದೆ. 2000ದಲ್ಲಿ ಅವರಿಗೆ ಟೆಸ್ಟ್ ಮಾನ್ಯತೆ ಸಿಕ್ಕಿತು, ಮೊದಲ ಟೆಸ್ಟ್ ಭಾರತದ ವಿರುದ್ಧವೇ, ಢಾಕಾದಲ್ಲಿ. ಭಾರತದಲ್ಲಿ ಒಂದು ಟೆಸ್ಟ್ ಆಡಲು ಅವರು 2017ರವರೆಗೆ ಕಾಯಬೇಕಾಯಿತು, ಅದೂ ಹೈದರಾಬಾದಿನಲ್ಲಿ ಒಂದೇ ಪಂದ್ಯ. ಶಕೀಬ್ ಅಲ್ ಹಸನ್ ಆ ಹೊತ್ತಿಗೆ ಹತ್ತು ವರ್ಷ ಟೆಸ್ಟ್ ಆಡಿದ್ದ ಆಲ್‌ರೌಂಡರ್. 2015ರಲ್ಲೇ ಮೂರೂ ಮಾದರಿಗಳ ರ‍್ಯಾಂಕಿಂಗ್‌ನಲ್ಲಿ ಒಟ್ಟಿಗೆ ಮೊದಲ ಸ್ಥಾನ ಮುಟ್ಟಿದ್ದವರು. ಟೆಸ್ಟ್‌ನಲ್ಲಿ 4,600ಕ್ಕೂ ಹೆಚ್ಚು ರನ್, 246 ವಿಕೆಟ್. ಇಂಗ್ಲೆಂಡಿನಲ್ಲಿ ಅವರಿಗೆ ಸಿಕ್ಕಿದ್ದು 2010ರ ಎರಡು ಟೆಸ್ಟ್. ಆಸ್ಟ್ರೇಲಿಯಾದಲ್ಲಿ ಒಂದೂ ಇಲ್ಲ. ಅವರ ನಡತೆ, ನಿಷೇಧ, ರಾಜಕೀಯದ ಬಗ್ಗೆ ಬೇಕಾದಷ್ಟು ಮಾತಾಡಬಹುದು. ಆದರೆ ಸಾರ್ವಕಾಲಿಕ ಆಲ್‌ರೌಂಡರ್‌ಗಳ ಚರ್ಚೆಯಲ್ಲಿ ನಮ್ಮ ಹುಡುಗರು ಶಕೀಬ್ ಹೆಸರಿಗೆ ಮೂಗು ಮುರಿಯುವಾಗ ಹಾಕುವ ಪ್ರಶ್ನೆ, 'ಆಸ್ಟ್ರೇಲಿಯಾದಲ್ಲಿ ಏನು ಕಿಸಿದಿದ್ದಾನೆ' ಎಂಬುದು, ಪ್ರಸನ್ನ ಬಗ್ಗೆ ಇಂಗ್ಲಿಷರು ಕೇಳಬಹುದಾಗಿದ್ದ ಪ್ರಶ್ನೆಯೇ.

ಟೆಸ್ಟ್ ಆಡುವ ದೇಶಗಳನ್ನು ಎರಡು ದರ್ಜೆಯಾಗಿ ಒಡೆಯುವ ಮಾತು ಕೆಲವು ವರ್ಷಗಳಿಂದ ಮತ್ತೆಮತ್ತೆ ಏಳುತ್ತಿದೆ. ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್ ಪರಸ್ಪರ ಹೆಚ್ಚು ಆಡಿದರೆ ಟಿವಿಗೆ ಲಾಭ ಎಂಬುದು ಅದರ ಹಿಂದಿನ ಲೆಕ್ಕ. 2016ರಲ್ಲಿ ಈ ಪ್ರಸ್ತಾಪವನ್ನು ವಿರೋಧಿಸಿದವರಲ್ಲಿ ಬಿಸಿಸಿಐಯೇ ಮುಂದಿತ್ತು, ಸಣ್ಣ ದೇಶಗಳಿಗೆ ಅನ್ಯಾಯವಾಗುತ್ತದೆ ಎಂಬ ಕಾರಣ ಕೊಟ್ಟು. 2025ರ ಆರಂಭದಲ್ಲಿ ಅದೇ ಪ್ರಸ್ತಾಪ ಮತ್ತೆ ಸುದ್ದಿಯಾದಾಗ ಆ ವಿರೋಧದ ದನಿ ಅಷ್ಟು ಜೋರಾಗಿ ಕೇಳಲಿಲ್ಲ. ಅಂಥ ವ್ಯವಸ್ಥೆ ಬಂದರೆ ಎರಡನೇ ದರ್ಜೆಯ ದೇಶದಲ್ಲಿ ಹುಟ್ಟುವ ಬೌಲರ್‌ಗೆ ಮೆಲ್ಬರ್ನ್‌ನಲ್ಲಿ ನೋಬಾಲ್ ಕರೆಸಿಕೊಳ್ಳುವಷ್ಟು ಅವಕಾಶವೂ ಸಿಗುವುದಿಲ್ಲ.